ಹೆಲ್ಸಿಂಕಿ–ಸ್ಟಾಕ್‌ಹೋಮ್: ದೂರ 396 ಕಿ.ಮೀ., ಹೋಗಲು ನಿಜಕ್ಕೂ ಎಷ್ಟು ಹೊತ್ತು?

ತುಂಗಾತೀರ

ಒಂದೇ ಪ್ರಶ್ನೆಗೆ ನಾಲ್ಕು ಉತ್ತರ ಸಿಗುತ್ತಿದೆ. ಹೆಲ್ಸಿಂಕಿಯಿಂದ ಸ್ಟಾಕ್‌ಹೋಮ್‌ಗೆ ಒಂದು ಕಡೆ 396 ಅಂತಿದೆ, ಇನ್ನೊಂದು ಕಡೆ 399, ಮತ್ತೊಂದರಲ್ಲಿ 246. ಹಡಗು ಬೇಡ, ಕಾರಿನ ದಾರಿ ತೋರಿಸು ಅಂದರೆ 1,750ರ ಹತ್ತಿರ ಹೋಗುತ್ತೆ. ಹಾರಾಟದ ಸಮಯವೂ ಇದೇ ಕಥೆ. ಲೆಕ್ಕ ಹಾಕಿಕೊಡುವ ಸೈಟು 30 ನಿಮಿಷ ಅನ್ನುತ್ತೆ. ಟಿಕೆಟ್‌ನಲ್ಲಿ ನೋಡಿದರೆ 8 ಗಂಟೆಗೆ ಹೊರಟು 8 ಗಂಟೆಗೇ ಇಳಿಯುತ್ತೆ! ವಾಪಸ್ ಬರುವ ಟಿಕೆಟ್‌ನಲ್ಲಿ ಮಾತ್ರ ಎರಡು ಗಂಟೆ.

ನನಗೆ ಬೇಕಾದದ್ದು ಇಷ್ಟೇ. ಜನವರಿಯ ಒಂದು ಸೋಮವಾರ ಬೆಳಿಗ್ಗೆ 11ಕ್ಕೆ ಸ್ಟಾಕ್‌ಹೋಮ್ ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲಿ ಇರಬೇಕು. ಹೆಲ್ಸಿಂಕಿ ಊರೊಳಗಿಂದ ಎಷ್ಟಕ್ಕೆ ಹೊರಡಬೇಕು? ಅಥವಾ ಹಿಂದಿನ ಸಂಜೆಯೇ ಹಡಗು ಹತ್ತಿಬಿಡುವುದು ಮೇಲೋ?

ನಕ್ಷೆಗಾರ

ನಾಲ್ಕು ಅಂಕಿಯೂ ಸರಿಯೇ ಇದೆ. ಪ್ರತಿಯೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದೆ, ಅಷ್ಟೆ.

396 ಅಂದರೆ ಊರಿನ ನಡುವಿನಿಂದ ಊರಿನ ನಡುವಿಗೆ ನೇರ ದೂರ. ಕೈಯಲ್ಲೇ ಲೆಕ್ಕ ಹಾಕಬಹುದು. ಹೆಲ್ಸಿಂಕಿ 60.17 ಉತ್ತರ, 24.94 ಪೂರ್ವ. ಸ್ಟಾಕ್‌ಹೋಮ್ 59.33 ಉತ್ತರ, 18.07 ಪೂರ್ವ. ಅಕ್ಷಾಂಶದ ವ್ಯತ್ಯಾಸ 0.84 ಡಿಗ್ರಿ, ಡಿಗ್ರಿಗೆ 111.2 ಕಿ.ಮೀ. ಅಂದರೆ ಸುಮಾರು 93 ಕಿ.ಮೀ. ರೇಖಾಂಶದ ವ್ಯತ್ಯಾಸ 6.87 ಡಿಗ್ರಿ. ಇದಕ್ಕೂ 111 ಹಾಕಿದರೆ ತಪ್ಪಾಗುತ್ತೆ, ಯಾಕೆಂದರೆ ಧ್ರುವದ ಕಡೆ ಹೋದ ಹಾಗೆ ರೇಖಾಂಶಗಳು ಒತ್ತೊತ್ತಾಗಿ ಬರುತ್ತವೆ. ನಡುವಿನ ಅಕ್ಷಾಂಶ 59.75ರ ಕೊಸೈನ್ 0.504. ಹಾಗಾಗಿ ಅಲ್ಲಿ ಒಂದು ಡಿಗ್ರಿ ಅಂದರೆ 56 ಕಿ.ಮೀ. ಮಾತ್ರ. 6.87 × 56 = 385. ಈಗ ಪೈಥಾಗೊರಸ್: 93ರ ವರ್ಗ, 385ರ ವರ್ಗ, ಕೂಡಿಸಿ ವರ್ಗಮೂಲ ತೆಗೆದರೆ 396.

399 ಅಂದರೆ ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ. ಎರಡೂ ನಿಲ್ದಾಣಗಳು ಊರಿನ ಉತ್ತರಕ್ಕಿವೆ, ಅದಕ್ಕೇ ಹೆಚ್ಚು ಬದಲಾಗಲಿಲ್ಲ. 246 ಅಂದರೆ ಅದೇ 396, ಮೈಲಿಯಲ್ಲಿ. ಪೈಲಟ್‌ಗಳು ಹೇಳುವುದು ನಾಟಿಕಲ್ ಮೈಲಿ, ಅದರಲ್ಲಿ ನಿಲ್ದಾಣಗಳ ನಡುವೆ 215. ಒಂದು ನಾಟಿಕಲ್ ಮೈಲಿ 1.852 ಕಿ.ಮೀ., ಸಾಮಾನ್ಯ ಮೈಲಿ 1.609. ಸೈಟಿನಲ್ಲಿ ಬರೀ 'ಮೈಲಿ' ಅಂತಿದ್ದರೆ ಯಾವುದು ಅಂತ ನೋಡಿಕೊಳ್ಳಿ.

1,750 ಎನ್ನುವುದು ಎರಡು ದೇಶಗಳ ನಡುವಿನ ಬೋಥ್ನಿಯಾ ಕೊಲ್ಲಿಯನ್ನು ಪೂರ್ತಿ ಸುತ್ತಿಕೊಂಡು ಹೋಗುವ ರಸ್ತೆ. ಔಲು, ತೋರ್ನಿಯೊ ಮೇಲೆ ಹೋಗಿ ಗಡಿಯಲ್ಲಿ ಹಾಪರಾಂಡಾ ದಾಟಿ, ಲೂಲಿಯೊ, ಊಮಿಯೊ, ಸುಂಡ್ಸ್ವಾಲ್ ಮೂಲಕ ಕೆಳಗಿಳಿಯಬೇಕು. ನಾಲ್ಕು ಪಟ್ಟಿಗಿಂತ ಹೆಚ್ಚು ದೂರ. ರೈಲಿನಲ್ಲೂ ನೇರವಾಗಿ ಆಗಲ್ಲ. ಫಿನ್‌ಲ್ಯಾಂಡಿನ ಹಳಿಯ ಅಗಲ 1,524 ಮಿ.ಮೀ., ಸ್ವೀಡನ್ನಿನದು 1,435. ಗಡಿಯಲ್ಲಿ ಗಾಡಿ ಬದಲಿಸಲೇಬೇಕು.

ಧಾರವಾಡದಾಂವ

ಅಲ್ರೀ ನಕ್ಷೆಗಾರ್ರ, ನಕಾಶೆದಾಗ ನೋಡಿದ್ರ ಎರಡೂ ಊರು ಭಾಳ ದೂರ ಕಾಣ್ತಾವ. ಬೆಂಗಳೂರು–ಮುಂಬೈ ಇದ್ದಂಗ ಅನಿಸ್ತದ. 396 ಅಂದ್ರ ನಂಬಾಕ ಆಗವಲ್ದು.

ನಕ್ಷೆಗಾರ

ನಿಮ್ಮ ಕಣ್ಣು ಸರಿಯಾಗೇ ಇದೆ ರೀ, ನಕ್ಷೆ ಹಿಗ್ಗಿಸಿ ತೋರಿಸ್ತಿದೆ. ಮೊಬೈಲಿನಲ್ಲಿ ಬರುವ ಚಪ್ಪಟೆ ನಕ್ಷೆ ಮರ್ಕೇಟರ್ ಪದ್ಧತಿಯದ್ದು. ಅದರಲ್ಲಿ 60ನೇ ಅಕ್ಷಾಂಶದ ಹತ್ತಿರ ಎಲ್ಲವೂ ಎರಡು ಪಟ್ಟು ಉದ್ದ ಕಾಣುತ್ತೆ. 400 ಕಿ.ಮೀ. ಇರುವುದು 800 ಇದ್ದ ಹಾಗೆ. ನಮ್ಮ 13ನೇ ಅಕ್ಷಾಂಶದಲ್ಲಿ ಹಿಗ್ಗುವುದು ನೂರಕ್ಕೆ ಮೂರರಷ್ಟು ಮಾತ್ರ. ಬೆಂಗಳೂರು–ಮುಂಬೈ ನೇರ ದೂರ 840ರ ಆಸುಪಾಸು, ಅದಕ್ಕೇ ನಿಮಗೆ ಹಾಗೆ ಕಂಡಿದ್ದು. ಬೆಂಗಳೂರಿನ ಹತ್ತಿರ ರೇಖಾಂಶದ ಒಂದು ಡಿಗ್ರಿ 108 ಕಿ.ಮೀ., ಹೆಲ್ಸಿಂಕಿಯಲ್ಲಿ 55 ಚಿಲ್ಲರೆ.

ಸರಿಯಾದ ಹೋಲಿಕೆ ಬೇಕಾದರೆ ನಿಮ್ಮ ಕಡೆಯದೇ ಇದೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ನೇರ ದೂರ 370, ಬೆಳಗಾವಿಗೆ 445. ಹೆಲ್ಸಿಂಕಿ–ಸ್ಟಾಕ್‌ಹೋಮ್ ಇವೆರಡರ ನಡುವೆ ಬರುತ್ತೆ.

ಇನ್ನೊಂದು ಮಾತು. 'ಮಹಾವೃತ್ತ' (ಭೂಗೋಳದ ಮೇಲೆ ಎರಡು ಊರಿನ ನಡುವಿನ ಅತಿ ಹತ್ತಿರದ ದಾರಿ) ಎಂದು ದೊಡ್ಡದಾಗಿ ಬರೆದು, ವಿಮಾನ ಬಾಗಿದ ದಾರಿಯಲ್ಲಿ ಹೋಗುವುದರಿಂದ ದೂರ ಉಳಿಯುತ್ತೆ ಎಂದು ವಿವರಿಸುವವರಿದ್ದಾರೆ. ಬೆಂಗಳೂರು–ಹೆಲ್ಸಿಂಕಿಗೆ ಅದು ನಿಜ. ಇಷ್ಟು ಹತ್ತಿರದ ಊರುಗಳಿಗೆ ಅದರಿಂದ ಉಳಿಯುವುದು 200 ಮೀಟರ್ ಕೂಡ ಇಲ್ಲ. ಹೊರಡುವಾಗ ದಿಕ್ಕು 259 ಡಿಗ್ರಿ, ತಲುಪುವಾಗ 253ರ ಹತ್ತಿರ. ಅಷ್ಟೇ ಬಾಗು.

ಧಾರವಾಡದಾಂವ

ಹಂಗಾದ್ರ ಹುಬ್ಬಳ್ಳಿ ಲೆಕ್ಕ ಹಿಡಿದ್ರ ತಿಳೀತು. ಹುಬ್ಬಳ್ಳಿಗೂ ಟಿಕೆಟ್‌ನ್ಯಾಗ ತಾಸಿನ ಮ್ಯಾಲೇ ಬರೀತಾರ. 370 ಕಿ.ಮೀ.ಗೆ ತಾಸು ಯಾಕಂತ ಕೇಳಿದ್ರ ಯಾರೂ ಹೇಳಂಗಿಲ್ಲ. ಜೆಟ್ ವಿಮಾನ 830 ಕಿ.ಮೀ. ವೇಗದಾಗ ಹೋಗ್ತದ ಅಂದ್ರ ಅರ್ಧ ತಾಸು ಸಾಕಾಗಬೇಕಲ್ಲ?

ರೆಕ್ಕೆಪುಕ್ಕ

ಆ 30 ನಿಮಿಷ ಹೇಳುವ ಸೈಟುಗಳು ಮಾಡುವ ತಪ್ಪೇ ಇದು: ದೂರವನ್ನು 800ರಿಂದ ಭಾಗಿಸುವುದು. ಈ ಮಾರ್ಗದಲ್ಲಿ ವಿಮಾನ ಆ ವೇಗದಲ್ಲಿ ಇರುವುದೇ ನಾಲ್ಕೈದು ನಿಮಿಷ.

ಏರ್‌ಬಸ್ ಎ320 ತಗೊಳ್ಳಿ. ನಿಲ್ದಾಣಗಳ ನಡುವೆ 215 ನಾಟಿಕಲ್ ಮೈಲಿ. 30,000 ಅಡಿ ತನಕ ಏರಿತು ಅಂತಿಟ್ಟುಕೊಳ್ಳಿ. ಏರಲು 15 ನಿಮಿಷ, ಅಷ್ಟರಲ್ಲಿ 85 ಮೈಲಿ ಮುಗಿದಿರುತ್ತೆ. ಇಳಿಯಲು ಪೈಲಟ್‌ಗಳು ಬಳಸುವ ಬಾಯಿಲೆಕ್ಕ ಒಂದಿದೆ: ಸಾವಿರ ಅಡಿಗೆ ಮೂರು ಮೈಲಿ. 30,000 ಅಡಿಗೆ 90 ಮೈಲಿ, ವೇಗ ತಗ್ಗಿಸಲು ಇನ್ನೊಂದು ಹತ್ತು ಸೇರಿಸಿದರೆ 100. 85 + 100 = 185. ಉಳಿದದ್ದು 30 ಮೈಲಿ. ಅದನ್ನು ನಾಲ್ಕೈದು ನಿಮಿಷದಲ್ಲಿ ದಾಟುತ್ತೆ. ಕಾಫಿ ತಳ್ಳುಗಾಡಿ ಅರ್ಧ ಸಾಲು ಮುಗಿಸುವಷ್ಟರಲ್ಲಿ ಇಳಿಯುವ ಘೋಷಣೆ ಬರುವುದು ಇದಕ್ಕೇ.

ಇಳಿಯುವುದಕ್ಕೆ 18ರಿಂದ 20 ನಿಮಿಷ. ಎಲ್ಲ ಸೇರಿ ನೆಲ ಬಿಟ್ಟು ನೆಲ ಮುಟ್ಟುವುದಕ್ಕೆ 40ರ ಆಚೀಚೆ. ರನ್‌ವೇ ಯಾವ ದಿಕ್ಕಿನದು ಎನ್ನುವುದರ ಮೇಲೆ ಐದು ನಿಮಿಷ ಹೆಚ್ಚುಕಮ್ಮಿ ಆಗುತ್ತೆ. ಸ್ಟಾಕ್‌ಹೋಮ್‌ನ ಆರ್ಲಾಂಡಾ ನಿಲ್ದಾಣದ ಮೂರು ರನ್‌ವೇಗಳಲ್ಲಿ ಎರಡು ಉತ್ತರ–ದಕ್ಷಿಣ ಇವೆ, ವಿಮಾನ ಬರುವುದು ಪೂರ್ವದಿಂದ. ನೇರ ಬಂದು ಇಳಿಯಲಾಗದೆ ಸುತ್ತಿ ಸಾಲಿಗೆ ಸೇರಬೇಕು.

ಇನ್ನು ಟಿಕೆಟ್‌ನಲ್ಲಿ ಇರುವುದು ಹಾರಾಟದ ಸಮಯ ಅಲ್ಲ, ಬ್ಲಾಕ್ ಟೈಮ್. ಗೇಟಿನಿಂದ ಹಿಂದಕ್ಕೆ ತಳ್ಳಿದ ಕ್ಷಣದಿಂದ ಆ ಕಡೆಯ ಗೇಟಿನಲ್ಲಿ ನಿಲ್ಲುವ ತನಕ. ಹೊರಡುವಾಗ ನೆಲದ ಮೇಲೆ 10–12 ನಿಮಿಷ, ಇಳಿದ ಮೇಲೆ 6–8. ಅದಕ್ಕೇ ಟಿಕೆಟ್‌ನಲ್ಲಿ ಒಂದು ಗಂಟೆ, ಒಂದು ಗಂಟೆ ಐದು ನಿಮಿಷ ಅಂತ ಬರೆಯುವುದು. ಎಟಿಆರ್ 72 ತರಹದ ಪಂಖದ ವಿಮಾನ ಬಂದರೆ ವೇಗ ಗಂಟೆಗೆ 500 ಕಿ.ಮೀ., ಗಾಳಿಯಲ್ಲಿ ಹತ್ತು ಹನ್ನೆರಡು ನಿಮಿಷ ಜಾಸ್ತಿ. ನಾಲ್ಕುನೂರು ಕಿಲೋಮೀಟರಿಗೆ ಜೆಟ್ಟೂ ಪಂಖವೂ ಬಹುಪಾಲು ಸಮ. ಹುಬ್ಬಳ್ಳಿಗೂ ಇದೇ ಉತ್ತರ.

ಮಂಜಿನಹನಿ

ಗಾಳಿಯ ಲೆಕ್ಕ ಬಿಟ್ಟಿರಿ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತೆ. ಹಾಗಾಗಿ ಹೆಲ್ಸಿಂಕಿಯಿಂದ ಸ್ಟಾಕ್‌ಹೋಮ್‌ಗೆ ಎದುರುಗಾಳಿ, ಬರುವಾಗ ಹಿಂಗಾಳಿ. ಹಾಗಿರುವಾಗ ವಾಪಸ್ ಪ್ರಯಾಣ ಎರಡು ಗಂಟೆ ಹೇಗೆ ಆಗುತ್ತೆ?

ರೆಕ್ಕೆಪುಕ್ಕ

ನಿಜಕ್ಕೂ ವಾಪಸ್ ಬರುವುದೇ ಬೇಗ. ಇಡೀ ದಾರಿಯ ಸರಾಸರಿ ವೇಗ 320 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ), ಗಾಳಿಯ ಸರಾಸರಿ 20 ನಾಟ್ ಅಂತ ಹಿಡಿದರೆ, ಹೋಗುವಾಗ 215 ಭಾಗಿಸು 300, ಅಂದರೆ 43 ನಿಮಿಷ. ಬರುವಾಗ 215 ಭಾಗಿಸು 340, ಅಂದರೆ 38. ಐದು ನಿಮಿಷ ಲಾಭ. ಟಿಕೆಟ್‌ನಲ್ಲಿ ಎರಡು ಗಂಟೆ ಕಾಣುವುದಕ್ಕೂ ಗಾಳಿಗೂ ಸಂಬಂಧ ಇಲ್ಲ, ಅದು ಗಡಿಯಾರದ ಆಟ.

ಎಸ್ಪೋವಾಸಿ

ಹೌದು, ಈ ಮಾರ್ಗದಲ್ಲಿ ಜನ ಎಡವುವುದು ದೂರದಲ್ಲಿ ಅಲ್ಲ, ಗಡಿಯಾರದಲ್ಲೇ. ಫಿನ್‌ಲ್ಯಾಂಡ್ ಸ್ವೀಡನ್ನಿಗಿಂತ ಒಂದು ಗಂಟೆ ಮುಂದೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ಹೆಲ್ಸಿಂಕಿ 8:00 ಬಿಟ್ಟು ಒಂದು ಗಂಟೆ ಐದು ನಿಮಿಷ ತಗೊಂಡರೆ ಸ್ಟಾಕ್‌ಹೋಮ್ ಗಡಿಯಾರದಲ್ಲಿ 8:05. ವಾಪಸ್ ಸ್ಟಾಕ್‌ಹೋಮ್ 18:00 ಬಿಟ್ಟರೆ ಹೆಲ್ಸಿಂಕಿಯಲ್ಲಿ 20:00 ಆಗಿರುತ್ತೆ.

ಬೇಸಿಗೆ ಸಮಯಕ್ಕೆ ಬದಲಾಗುವುದು ಮಾರ್ಚ್ ಕೊನೆಯ ಭಾನುವಾರ, ಮತ್ತೆ ಹಿಂದಕ್ಕೆ ಬರುವುದು ಅಕ್ಟೋಬರ್ ಕೊನೆಯ ಭಾನುವಾರ. ಎರಡೂ ದೇಶ ಒಂದೇ ಕ್ಷಣದಲ್ಲಿ ಬದಲಾಯಿಸುತ್ತವೆ. ಹಾಗಾಗಿ ಅವುಗಳ ನಡುವಿನ ಒಂದು ಗಂಟೆ ವರ್ಷಪೂರ್ತಿ ಹಾಗೇ ಇರುತ್ತೆ. ಬದಲಾಗುವುದು ಊರಿಗೆ ಫೋನ್ ಮಾಡುವ ಹೊತ್ತು: ಹೆಲ್ಸಿಂಕಿ ನಮಗಿಂತ ಚಳಿಗಾಲದಲ್ಲಿ ಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಎರಡೂವರೆ. ಸ್ಟಾಕ್‌ಹೋಮ್ ನಾಲ್ಕೂವರೆ ಮತ್ತು ಮೂರೂವರೆ.

ತುಂಗಾತೀರ ಅವರೇ, ಸಭೆಯ ಹೊತ್ತನ್ನು ಕ್ಯಾಲೆಂಡರಿಗೆ ಹಾಕುವಾಗ 'ಸ್ಟಾಕ್‌ಹೋಮ್ ಸಮಯ' ಅಂತ ಆರಿಸಿ ಹಾಕಿ. ಹೆಲ್ಸಿಂಕಿಯಲ್ಲಿ ಕೂತು ಬರೀ 11:00 ಅಂತ ಹಾಕಿದರೆ ಅಲ್ಲಿ ಇಳಿದಾಗ ಫೋನ್ ಅದನ್ನು 10:00ಕ್ಕೆ ತೋರಿಸುತ್ತೆ. ಒಂದು ಗಂಟೆ ಮೊದಲೇ ಹೋಗಿ ನಿಲ್ಲಬೇಕಾಗುತ್ತೆ. ವಾಪಸ್ ವಿಮಾನದ್ದನ್ನು ಹೀಗೇ ಹಾಕಿದರೂ ಒಂದು ಗಂಟೆ ಮೊದಲೇ ತೋರಿಸುತ್ತೆ.

ಮಂಜಿನಹನಿ

ಯಾವ 'ಸ್ಟಾಕ್‌ಹೋಮ್' ಎನ್ನುವುದನ್ನೂ ನೋಡಿ. ಆರ್ಲಾಂಡಾ ಊರಿನಿಂದ ಉತ್ತರಕ್ಕೆ 40 ಕಿ.ಮೀ. ಹತ್ತಿರ. ಬ್ರೊಮ್ಮಾ ಊರೊಳಗೇ, 8 ಕಿ.ಮೀ., ಆದರೆ ಅಲ್ಲಿದ್ದ ನಿಯಮಿತ ವಿಮಾನಗಳಲ್ಲಿ ಹೆಚ್ಚಿನವು ಆರ್ಲಾಂಡಾಕ್ಕೆ ಹೋಗಿಬಿಟ್ಟವು. ಸ್ಕಾವ್‌ಸ್ಟಾ ನಿಲ್ದಾಣವೂ ಸ್ಟಾಕ್‌ಹೋಮ್ ಹೆಸರಿನಲ್ಲೇ ಮಾರಾಟವಾಗುತ್ತೆ, ಇರುವುದು 100 ಕಿ.ಮೀ. ದಕ್ಷಿಣಕ್ಕೆ, ನ್ಯೂಶೋಪಿಂಗ್ ಪಕ್ಕ. ವೆಸ್ಟೆರೋಸ್ ಕೂಡ ಹಾಗೇ, ಪಶ್ಚಿಮಕ್ಕೆ ನೂರರ ಮೇಲೆ. ತುಮಕೂರು ದಾಟಿದ ಮೇಲೆ ಸಿಗುವ ಜಾಗಕ್ಕೆ 'ಬೆಂಗಳೂರು' ಅಂತ ಬೋರ್ಡ್ ಹಾಕಿದ ಹಾಗೆ. ಹೆಲ್ಸಿಂಕಿಯಿಂದ ಬರುವವರಿಗೆ ಆರ್ಲಾಂಡಾನೇ ಸಿಗುವುದು. ಯುರೋಪಿನ ಬೇರೆ ಊರುಗಳಿಂದ ಅಗ್ಗದ ಟಿಕೆಟ್ ತಗೊಳ್ಳುವವರಿಗೆ ಈ ಎಚ್ಚರಿಕೆ.

ಎಸ್ಪೋವಾಸಿ

ಈಗ ನೆಲದ ಮೇಲಿನ ಲೆಕ್ಕ, ಫಿನ್‌ಲ್ಯಾಂಡ್ ಕಡೆಯದು. ಹೆಲ್ಸಿಂಕಿ-ವಾಂತಾ ನಿಲ್ದಾಣಕ್ಕೆ 2015ರ ಜುಲೈನಿಂದ ಲೋಕಲ್ ರೈಲು ಇದೆ. ಹೆಲ್ಸಿಂಕಿ ಮುಖ್ಯ ನಿಲ್ದಾಣದಿಂದ 'ಐ' ಮತ್ತು 'ಪಿ' ಎಂಬ ಎರಡು ಗಾಡಿ. ಅದು ಉಂಗುರದ ಹಾಗೆ ಸುತ್ತುವ ಮಾರ್ಗ, ಒಂದು ತಿಕ್ಕುರಿಲಾ ಕಡೆಯಿಂದ, ಇನ್ನೊಂದು ಮ್ಯೂರ್‌ಮಾಕಿ ಕಡೆಯಿಂದ. ಎರಡೂ ವಿಮಾನ ನಿಲ್ದಾಣಕ್ಕೆ ಹೋಗುತ್ತವೆ, ಎರಡೂ ಅರ್ಧ ಗಂಟೆ. ಮೊದಲು ಬಂದದ್ದನ್ನು ಹತ್ತಿ, ಯೋಚನೆ ಬೇಡ. ಟಿಕೆಟ್ ಎ-ಬಿ-ಸಿ ಮೂರು ವಲಯದ್ದು ತಗೊಳ್ಳಿ. ಊರೊಳಗೆ ಓಡಾಡುವ ಎ-ಬಿ ಟಿಕೆಟ್ ಇಟ್ಟುಕೊಂಡು ನಿಲ್ದಾಣಕ್ಕೆ ಹೋಗಿ ಚೆಕಿಂಗ್‌ಗೆ ಸಿಕ್ಕಿಬೀಳುವವರು ಬಹಳ. ರೈಲು ನಿಲ್ಲುವುದು ನೆಲದ ಆಳದಲ್ಲಿ. ಎಸ್ಕಲೇಟರ್ ಹತ್ತಿ ಚೆಕ್-ಇನ್ ಹಾಲ್ ತಲುಪಲು ಐದು ನಿಮಿಷ ಬೇರೆ ಇಟ್ಟುಕೊಳ್ಳಿ.

ಬರೀ ಕೈಚೀಲ ಇದ್ದರೆ ವಿಮಾನ ಹೊರಡುವ 75 ನಿಮಿಷ ಮೊದಲು ನಿಲ್ದಾಣದಲ್ಲಿದ್ದರೆ ಸಾಕು. ದೊಡ್ಡ ಬ್ಯಾಗ್ ಹಾಕುವುದಿದ್ದರೆ 90. ಇಲ್ಲಿನ ದೊಡ್ಡ ಕಂಪನಿಗಳಲ್ಲಿ ಕ್ಯಾಬಿನ್ ಚೀಲಕ್ಕೆ ಸಾಮಾನ್ಯ ಮಿತಿ 8 ಕೆ.ಜಿ., ಅಳತೆ 55×40×23 ಸೆಂ.ಮೀ. ಎಲ್ಲಕ್ಕಿಂತ ಅಗ್ಗದ ಟಿಕೆಟ್‌ನಲ್ಲಿ ಅದೂ ಇರುವುದಿಲ್ಲ, ಸೀಟಿನ ಕೆಳಗೆ ಹಿಡಿಯುವ ಚೀಲ ಮಾತ್ರ. ಗೇಟಿನ ಹತ್ತಿರ ಹಿಡಿದು ದುಡ್ಡು ಕಟ್ಟಿಸಿಕೊಂಡರೆ ಉಳಿಸಿದ್ದೆಲ್ಲ ಹೋಯಿತು.

ಅಂದ ಹಾಗೆ, ಉಪ್ಪಿನಕಾಯಿ ಭದ್ರತಾ ತಪಾಸಣೆಯವರ ಲೆಕ್ಕದಲ್ಲಿ ದ್ರವ! ಚಟ್ನಿ, ಗೊಜ್ಜು ಕೂಡ. ಚಟ್ನಿಪುಡಿ ತೊಂದರೆ ಇಲ್ಲ.

ಮಂಜಿನಹನಿ

ಸ್ವೀಡನ್ ಕಡೆ ಆರ್ಲಾಂಡಾದಿಂದ ಊರಿಗೆ ನಾಲ್ಕು ದಾರಿ. ವೇಗದ್ದು ಆರ್ಲಾಂಡಾ ಎಕ್ಸ್‌ಪ್ರೆಸ್, 18 ನಿಮಿಷ, ದುಬಾರಿ. ನೇರ ಸೆಂಟ್ರಲ್ ಸ್ಟೇಷನ್ನಿನ 1 ಮತ್ತು 2ನೇ ಪ್ಲಾಟ್‌ಫಾರ್ಮ್‌ಗೆ ಬರುತ್ತೆ. ಎರಡನೆಯದು ಪೆಂಡೆಲ್‌ಟೋಗ್, ಅಂದರೆ ಲೋಕಲ್ ರೈಲು, 40 ನಿಮಿಷ. ಇದಕ್ಕೆ ಊರಿನ ಮಾಮೂಲಿ ಟಿಕೆಟ್ ಜೊತೆಗೆ ಆರ್ಲಾಂಡಾ ಸ್ಟೇಷನ್ ದಾಟಲು ಪ್ರತ್ಯೇಕ ಶುಲ್ಕ ಇದೆ. ಗೊತ್ತಿಲ್ಲದೆ ಬಂದವರು ಗೇಟಿನಲ್ಲಿ ನಿಂತು ಒದ್ದಾಡುತ್ತಾರೆ. ಬಸ್ಸು ಮುಕ್ಕಾಲು ಗಂಟೆ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ.

ನಾಲ್ಕನೆಯದು ಅಗ್ಗದ್ದು: 583ನೇ ನಂಬರಿನ ಸಿಟಿ ಬಸ್ ಹತ್ತಿ ಮೆರ್‌ಸ್ಟಾಗೆ ಹೋಗಿ, ಅಲ್ಲಿಂದ ಲೋಕಲ್ ರೈಲು. ಊರಿನ ಒಂದೇ ಟಿಕೆಟ್‌ನಲ್ಲಿ ಮುಗಿಯುತ್ತೆ, ಆ ಪ್ರತ್ಯೇಕ ಶುಲ್ಕ ಇಲ್ಲ. ಕಾಯುವುದೂ ಸೇರಿ ಒಂದು ಗಂಟೆ ಹತ್ತು ನಿಮಿಷ ಹಿಡಿಯಿರಿ. ಲೋಕಲ್ ರೈಲು ನಿಲ್ಲುವ ಸ್ಟೇಷನ್ ಹೆಸರು 'ಸ್ಟಾಕ್‌ಹೋಮ್ ಸಿಟಿ', 2017ರಲ್ಲಿ ಶುರುವಾದದ್ದು. ಸೆಂಟ್ರಲ್ ಅಡಿಯಲ್ಲೇ ಇದೆ, ಆದರೆ ತುಂಬ ಆಳ. ಮೇಲೆ ಬರಲು ಏಳೆಂಟು ನಿಮಿಷ.

ಬೆಳಿಗ್ಗೆ 11ರ ಸಭೆಗೆ ಎಕ್ಸ್‌ಪ್ರೆಸ್ಸೇ ಸರಿ. ಸಂಜೆ ಆರಾಮಾಗಿ ಬರುವವರಿಗೆ 583.

ಧಾರವಾಡದಾಂವ

ಎರಡೂ ಷೆಂಗೆನ್ ಅಲ್ಲೇನ್ರಿ? ಪಾಸ್‌ಪೋರ್ಟ್ ಬ್ಯಾಗಿನ ತಳಕ್ಕ ಹಾಕಿದ್ರ ನಡೀತದೋ?

ಮಂಜಿನಹನಿ

ತಳಕ್ಕೆ ಹಾಕಬೇಡಿ. ಎರಡೂ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ), ಹಾಗಾಗಿ ಮಾಮೂಲಾಗಿ ವಲಸೆ ಕೌಂಟರ್ ಇರುವುದಿಲ್ಲ. ಆದರೆ ಸ್ವೀಡನ್ 2015ರ ನವೆಂಬರ್‌ನಿಂದ ಒಳಗಡಿಯಲ್ಲಿ ತಾತ್ಕಾಲಿಕ ತಪಾಸಣೆ ಎಂದು ಶುರುಮಾಡಿ ಅದನ್ನು ಮತ್ತೆ ಮತ್ತೆ ಮುಂದುವರಿಸಿಕೊಂಡು ಬಂದಿದೆ. ಪೊಲೀಸರು ಗೇಟಿನ ಹತ್ತಿರವೇ ನಿಂತು ಕೇಳಬಹುದು. ಪಾಸ್‌ಪೋರ್ಟ್ ಇಲ್ಲದೆ ಓಡಾಡುವ ಹಳೆಯ ನಾರ್ಡಿಕ್ ಒಪ್ಪಂದ ಆ ದೇಶಗಳ ಪ್ರಜೆಗಳಿಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಇರುವವರು ಅದನ್ನೂ, ಅಲ್ಲೇ ವಾಸ ಇದ್ದರೆ ರೆಸಿಡೆನ್ಸ್ ಪರ್ಮಿಟ್ ಕಾರ್ಡನ್ನೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಹಡಗಿಗೂ ಇದೇ ಮಾತು.

ಬೆಂಗಳೂರಿನಿಂದ ಬರುವವರಿಗೆ ಒಂದು ಸೇರಿಸುತ್ತೇನೆ. ಫ್ರಾಂಕ್‌ಫರ್ಟ್ ಮೂಲಕ ಬಂದರೆ ಷೆಂಗೆನ್ ಪ್ರವೇಶದ ತಪಾಸಣೆ, ಬೆರಳಚ್ಚು ಎಲ್ಲ ಫ್ರಾಂಕ್‌ಫರ್ಟ್‌ನಲ್ಲೇ. ಹೆಲ್ಸಿಂಕಿಯಲ್ಲಿ ಇಳಿದಾಗ ಒಳನಾಡಿನ ಪ್ರಯಾಣಿಕರ ಹಾಗೆ ಹೊರಗೆ ಬರಬಹುದು. ದೋಹಾ, ದುಬೈ ಮೂಲಕ ಬಂದರೆ ಸರತಿ ಹೆಲ್ಸಿಂಕಿ ಅಥವಾ ಸ್ಟಾಕ್‌ಹೋಮ್‌ನಲ್ಲಿ. 2025ರ ಅಕ್ಟೋಬರ್ 12ರಿಂದ ಅಲ್ಪಾವಧಿಗೆ ಬರುವ ಹೊರದೇಶದವರ ಬೆರಳಚ್ಚು, ಫೋಟೊ ಯಂತ್ರದಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ, ಮೊದಲ ಸಲಕ್ಕೆ ಹೊತ್ತು ಹಿಡಿಯುತ್ತೆ. ಮುಂದಿನ ವಿಮಾನಕ್ಕೆ ಬೇರೆ ಟಿಕೆಟ್ ತಗೊಂಡಿದ್ದರೆ ನಡುವೆ ಮೂರು ಗಂಟೆಯಾದರೂ ಬಿಡಿ. ವೀಸಾ ಅರ್ಜಿ ಹೆಚ್ಚು ದಿನ ಉಳಿಯುವ ದೇಶಕ್ಕೆ. ಎರಡೂ ಕಡೆ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ.

ಕಡಲತಡಿ

ಎಲ್ಲರೂ ವಿಮಾನದಲ್ಲೇ ಹಾರ್ತಿದ್ದೀರಿ, ಹಡಗಿನ ಲೆಕ್ಕ ಯಾರೂ ಹೇಳ್ಲಿಲ್ಲ ಮಾರಾಯ್ರೇ.

ಹೆಲ್ಸಿಂಕಿಯಿಂದ ಸಂಜೆ 5ರ ಹೊತ್ತಿಗೆ ಬಿಟ್ಟರೆ ಮರುದಿನ ಬೆಳಿಗ್ಗೆ 10ರ ಹೊತ್ತಿಗೆ ಸ್ಟಾಕ್‌ಹೋಮ್. ಬೆರಳು ಎಣಿಸಿದರೆ 17 ಗಂಟೆ. ಆದರೆ ಎಸ್ಪೋವಾಸಿ ಹೇಳಿದ ಗಡಿಯಾರದ ಆಟ ಇಲ್ಲಿಯೂ ಉಂಟು. ಹೊರಟದ್ದು ಫಿನ್‌ಲ್ಯಾಂಡ್ ಸಮಯ, ತಲುಪಿದ್ದು ಸ್ವೀಡನ್ ಸಮಯ, ನಿಜಕ್ಕೆ 18. ವಾಪಸ್ ಬರುವಾಗ ಒಂದು ಗಂಟೆ ಕಮ್ಮಿ ಅಂತ ಹಿಡ್ಕೊಳ್ಳಿ. ಹಡಗಿನೊಳಗೆ ನಡೆಯುವುದು ಸಾಮಾನ್ಯವಾಗಿ ಫಿನ್‌ಲ್ಯಾಂಡ್ ಸಮಯ, ಬೆಳಗ್ಗಿನ ತಿಂಡಿಯ ಹೊತ್ತು ನೋಡುವಾಗ ಜಾಗ್ರತೆ.

ಅಷ್ಟು ಹೊತ್ತು ಯಾಕೆ ಬೇಕು ಅಂದರೆ, ಒಂದನೆಯದು ದ್ವೀಪಗಳು. ಸ್ಟಾಕ್‌ಹೋಮ್ ಮುಂದಿರುವ ದ್ವೀಪಗಳ ಸಂದಿಯಲ್ಲಿ ಹಡಗು ನಿಧಾನಕ್ಕೆ ನುಸುಳಬೇಕು. ವೇಗ ಹೋದರೆ ಅಲೆ ಎದ್ದು ದಡ ಕೊರೆಯುತ್ತದೆ. ಅದಕ್ಕೇ ಮೂರು ಗಂಟೆಯ ಹತ್ತಿರ ಹೋಗ್ತದೆ. ಎರಡನೆಯದು ನಡುರಾತ್ರಿ ಕಳೆದ ಮೇಲೆ ಓಲಾಂಡ್ ದ್ವೀಪದಲ್ಲಿ ನಿಲ್ಲುವುದು. ಬೆಳಗಿನ ಜಾವ ಅಲ್ಲಿ ಇಳಿಯುವವರು ಬೆರಳೆಣಿಕೆ. ಆದರೂ ನಿಲ್ಲಲೇಬೇಕು, ಯಾಕಂದ್ರೆ ಅದು ವ್ಯಾಪಾರದ ಗುಟ್ಟು. ಐರೋಪ್ಯ ಒಕ್ಕೂಟದ ಒಳಗಿನ ಪ್ರಯಾಣಕ್ಕೆ ತೆರಿಗೆ ಇಲ್ಲದ ಮಾರಾಟ 1999ರ ಜುಲೈ 1ಕ್ಕೆ ನಿಂತಿತು. ಓಲಾಂಡ್ ಮಾತ್ರ ಫಿನ್‌ಲ್ಯಾಂಡಿನದ್ದೇ ಆದರೂ ಒಕ್ಕೂಟದ ವ್ಯಾಟ್ ವಲಯದ ಹೊರಗೆ. ಅಲ್ಲಿ ಹಗ್ಗ ಕಟ್ಟಿ ಬಿಚ್ಚಿದರೆ ಹಡಗಿನ ಅಂಗಡಿ ತೆರಿಗೆ ಇಲ್ಲದೆ ಮಾರಬಹುದು. ಟಿಕೆಟ್ ಅಗ್ಗ ಸಿಗುವುದೂ ಆ ಅಂಗಡಿಯ ಪುಣ್ಯದಿಂದಲೇ.

ಈ ಮಾರ್ಗದಲ್ಲಿ ಕ್ಯಾಬಿನ್ ತಗೊಳ್ಳಲೇಬೇಕು. ದರ ಕ್ಯಾಬಿನ್‌ಗೆ, ತಲೆಗೆ ಅಲ್ಲ. ನಾಲ್ಕು ಜನ ಸೇರಿದರೆ ವಿಮಾನದ ಟಿಕೆಟ್ ಹತ್ತಿರವೂ ಬರುವುದಿಲ್ಲ. ಸಾಮಾನು ತೂಕ ಮಾಡುವವರಿಲ್ಲ, ಉಪ್ಪಿನಕಾಯಿಗೂ ತಕರಾರಿಲ್ಲ.

ನಕ್ಷೆಗಾರ

ಕಡಲತಡಿ ಅವರೇ, ಹಡಗು 10ಕ್ಕೆ ಬಂದರೆ 11ರ ಸಭೆಗೆ ಸಾಕೇ? ವೈಕಿಂಗ್ ಲೈನ್ ಕಂಪನಿಯ ಹಡಗು ಸ್ಟಾಡ್ಸ್‌ಗೋರ್ಡನ್ ಧಕ್ಕೆಗೆ ಬರುತ್ತೆ, ಸ್ಲುಸ್ಸೆನ್ ಮೆಟ್ರೊಗೆ ನಡೆದೇ ಹೋಗಬಹುದು. ಸಿಲ್ಯಾ ಲೈನ್ ಕಂಪನಿಯದು ವಾರ್ತಾಹಾಮ್ನೆನ್ ಧಕ್ಕೆಗೆ. ಅಲ್ಲಿಂದ ಯೆರ್ಡೆಟ್ ಮೆಟ್ರೊಗೆ ಕಾಲು ಗಂಟೆ ನಡಿಗೆ, ಆಮೇಲೆ ರೈಲು. ಎರಡು ಸಾವಿರ ಜನ ಒಂದೇ ಬಾಗಿಲಲ್ಲಿ ಇಳಿಯುವಾಗ ಅದಕ್ಕೇ ಇಪ್ಪತ್ತು ನಿಮಿಷ.

ಕಡಲತಡಿ

ಸಾಕು, ಆದ್ರೆ ಅಂಚಿನಲ್ಲಿ. 10ಕ್ಕೆ ಧಕ್ಕೆ, 10:20ಕ್ಕೆ ಹೊರಗೆ, 10:50ಕ್ಕೆ ಸೆಂಟ್ರಲ್. ಸಮುದ್ರದಲ್ಲಿ ಗಾಳಿ ಜೋರಿದ್ದರೆ ಅರ್ಧ ಗಂಟೆ ತಡ ಆಗುವುದುಂಟು. ಸಭೆ 12ಕ್ಕೆ ಇದ್ದಿದ್ದರೆ ಕಣ್ಣು ಮುಚ್ಚಿ ಹಡಗು ಹೇಳ್ತಿದ್ದೆ. 11ಕ್ಕೆ ಅಂದರೆ ನಾನೂ ಹೇಳಲಿಕ್ಕೆ ಹಿಂಜರೀತೇನೆ.

ರೆಕ್ಕೆಪುಕ್ಕ

ಹಾಗಾದರೆ ವಿಮಾನ. ಆದರೆ ಜನವರಿ ಅಂದಿದ್ದಾರೆ, ಹಿಮ ಕರಗಿಸುವ ಲೆಕ್ಕ ಸೇರಿಸಲೇಬೇಕು. ರೆಕ್ಕೆಯ ಮೇಲೆ ತೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿದ್ದರೂ ಹಾರುವ ಹಾಗಿಲ್ಲ, ರೆಕ್ಕೆಗೆ ಸಿಗುವ ಎತ್ತುವ ಶಕ್ತಿ ಕಡಿಮೆಯಾಗುತ್ತೆ. ಮೊದಲು ಕಿತ್ತಳೆ ಬಣ್ಣದ ಬಿಸಿ ದ್ರವ ಎರಚುತ್ತಾರೆ. ಅದು ಟೈಪ್ 1, ಗ್ಲೈಕಾಲ್ ಮತ್ತು ನೀರು, ಕೆಲಸ ಇದ್ದ ಹಿಮವನ್ನು ತೆಗೆಯುವುದು. ಹಿಮ ಇನ್ನೂ ಬೀಳುತ್ತಿದ್ದರೆ ಮೇಲಿಂದ ಹಸಿರು ಬಣ್ಣದ ಗಟ್ಟಿ ದ್ರವ, ಟೈಪ್ 4. ಅದು ರೆಕ್ಕೆಗೆ ಅಂಟಿಕೊಂಡು ಹೊಸ ಹಿಮ ಕೂರದ ಹಾಗೆ ನೋಡಿಕೊಳ್ಳುತ್ತೆ, ಓಡುವಾಗ ಗಾಳಿಗೆ ಜಾರಿಹೋಗುತ್ತೆ. ಅದಕ್ಕೆ ಒಂದು ಅವಧಿ ಇದೆ. ಚಳಿ ಎಷ್ಟು, ಹಿಮ ಎಷ್ಟು ಜೋರು ಎನ್ನುವುದರ ಮೇಲೆ ಪಟ್ಟಿ ನೋಡಿ ತೀರ್ಮಾನಿಸುತ್ತಾರೆ. ಸರತಿಯಲ್ಲಿ ನಿಂತು ಆ ಅವಧಿ ದಾಟಿತೋ, ವಾಪಸ್ ಹೋಗಿ ಮತ್ತೆ ಎರಚಿಸಿಕೊಂಡು ಬರಬೇಕು.

ಎರಚುವುದಕ್ಕೆ ಹತ್ತು ನಿಮಿಷ, ಸರತಿ ಇದ್ದರೆ ಅರ್ಧ ಗಂಟೆ. ಹತ್ತು ಗಂಟೆಯ ಪ್ರಯಾಣದಲ್ಲಿ ಅರ್ಧ ಗಂಟೆ ಯಾರಿಗೂ ಲೆಕ್ಕಕ್ಕಿಲ್ಲ. 40 ನಿಮಿಷದ ಹಾರಾಟದಲ್ಲಿ ಅದನ್ನು ಗಾಳಿಯಲ್ಲಿ ಸರಿದೂಗಿಸಲು ಜಾಗವೇ ಇಲ್ಲ.

ಎಸ್ಪೋವಾಸಿ

ಹಾಗಾದರೆ ದಿನದ ಮೊದಲ ವಿಮಾನವೇ ಒಳ್ಳೆಯದಲ್ಲವೇ? ಹಿಂದಿನ ವಿಳಂಬ ಇರುವುದಿಲ್ಲ.

ರೆಕ್ಕೆಪುಕ್ಕ

ಅರ್ಧ ಸತ್ಯ. ಒಂದೇ ವಿಮಾನ ದಿನಕ್ಕೆ ನಾಲ್ಕಾರು ಸಲ ಹೋಗಿ ಬರುತ್ತೆ, ಬೆಳಗಿನ ಹತ್ತು ನಿಮಿಷ ಸಂಜೆಗೆ ಮುಕ್ಕಾಲು ಗಂಟೆ ಆಗಿರುತ್ತೆ. ಆ ಲೆಕ್ಕದಲ್ಲಿ ಬೆಳಗಿನದೇ ಸರಿ. ಆದರೆ ರಾತ್ರಿಯಿಡೀ ಬಯಲಲ್ಲಿ ನಿಂತ ವಿಮಾನ ಅದು. ಹಿಮ ಬೀಳದಿದ್ದರೂ ರೆಕ್ಕೆ ಹೆಪ್ಪುಗಟ್ಟಿರುತ್ತೆ, ಎಲ್ಲ ವಿಮಾನಗಳೂ ಒಂದೇ ಹೊತ್ತಿಗೆ ಎರಚುವ ಗಾಡಿಗೆ ಕಾಯುತ್ತವೆ. ಆದ್ದರಿಂದ ಮೊದಲ ವಿಮಾನವೇ ಇರಲಿ, ಅದರ ಹೊತ್ತಿನ ಮೇಲೆ ಅರ್ಧ ಗಂಟೆ ಸೇರಿಸಿಯೇ ಯೋಚಿಸಿ.

ಧಾರವಾಡದಾಂವ

ತಡ ಆದ್ರ ರೊಕ್ಕ ಕೊಡ್ತಾರಂತಲ್ಲ ಯುರೋಪದಾಗ?

ನಕ್ಷೆಗಾರ

ಕೊಡುತ್ತಾರೆ, ಷರತ್ತು ಇದೆ. ಅಲ್ಲಿನ 261ನೇ ನಿಯಮದಲ್ಲಿ 1,500 ಕಿ.ಮೀ. ಒಳಗಿನ ಪ್ರಯಾಣಕ್ಕೆ 250 ಯೂರೊ. ಅಳೆಯುವುದು ಮಹಾವೃತ್ತದ ದೂರ, ವಿಮಾನ ಸುತ್ತಿದ ದೂರ ಅಲ್ಲ. ತಲುಪಿದ್ದು ಮೂರು ಗಂಟೆಯಾದರೂ ತಡವಾಗಿರಬೇಕು. ತಲುಪಿದ್ದು ಅಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ಬಾಗಿಲು ತೆರೆದದ್ದು. ಹಿಮಬಿರುಗಾಳಿಯಿಂದ ನಿಲ್ದಾಣವೇ ನಿಂತರೆ ಹಣ ಇಲ್ಲ. ವಿಮಾನದ ಮಾಮೂಲಿ ಯಾಂತ್ರಿಕ ದೋಷ ಆದರೆ ಇದೆ. ಹಣ ಸಿಗದಿದ್ದರೂ ಎರಡು ಗಂಟೆ ದಾಟಿದ ಮೇಲೆ ಊಟ ತಿಂಡಿ ಕೊಡಲೇಬೇಕು. ಅದನ್ನು ಕೇಳದೆ ಬಿಡುವವರೇ ಜಾಸ್ತಿ.

ಬೆಂಗಳೂರಿನಿಂದ ಒಂದೇ ಟಿಕೆಟ್‌ನಲ್ಲಿ ಯುರೋಪಿನ ಕಂಪನಿಯ ವಿಮಾನದಲ್ಲಿ ಬರುತ್ತಿದ್ದರೆ ದೂರವನ್ನು ಬೆಂಗಳೂರಿನಿಂದ ಕೊನೆಯ ಊರಿಗೆ ಅಳೆಯುತ್ತಾರೆ, ಆಗ ಮೊತ್ತವೂ ದೊಡ್ಡದು. ಎರಡು ಟಿಕೆಟ್ ಬೇರೆ ಬೇರೆ ತಗೊಂಡಿದ್ದರೆ ಕೊನೆಯ ಚಿಕ್ಕ ಹಾರಾಟ ತಪ್ಪಿದ್ದಕ್ಕೆ ಯಾರೂ ಹೊಣೆ ಅಲ್ಲ.

ಎಸ್ಪೋವಾಸಿ

ತುಂಗಾತೀರ ಅವರ ಮೂಲ ಪ್ರಶ್ನೆಗೆ ಹಿಂದಿನಿಂದ ಎಣಿಸಿ ಉತ್ತರ ಹೇಳೋಣ. ಸಭೆ ಸ್ವೀಡನ್ ಸಮಯ 11:00, ಅಂದರೆ ಫಿನ್‌ಲ್ಯಾಂಡಿನಲ್ಲಿ 12:00. ಎಲ್ಲವನ್ನೂ ಫಿನ್‌ಲ್ಯಾಂಡ್ ಸಮಯದಲ್ಲೇ ಇಟ್ಟುಕೊಂಡರೆ ಗೊಂದಲ ಇಲ್ಲ. ವಿಳಂಬಕ್ಕೆ ಒಂದು ಗಂಟೆ ಕೈಯಲ್ಲಿಟ್ಟರೆ ಸೆಂಟ್ರಲ್‌ನಲ್ಲಿ 11:00ಕ್ಕೆ ಇರಬೇಕು. ಎಕ್ಸ್‌ಪ್ರೆಸ್ 18 ನಿಮಿಷ, ಅದಕ್ಕೆ ಕಾಯುವುದು 10, ವಿಮಾನದಿಂದ ಪ್ಲಾಟ್‌ಫಾರ್ಮ್‌ಗೆ ನಡೆಯುವುದು 20. ಗೇಟಿಗೆ ಬರಬೇಕಾದದ್ದು 10:12. ಅದರಿಂದ 65 ನಿಮಿಷ ಕಳೆದರೆ ಹೊರಡಬೇಕಾದದ್ದು 9:07. ಹಾಗಾಗಿ 9 ಗಂಟೆಗೆ ಅಥವಾ ಅದಕ್ಕೆ ಮೊದಲು ಬಿಡುವ ವಿಮಾನ. ನಿಲ್ದಾಣದಲ್ಲಿ 7:45. ರೈಲಿಗೆ ಅರ್ಧ ಗಂಟೆ, ಮೇಲೆ ಬರಲು ಐದು ನಿಮಿಷ. ಹೆಲ್ಸಿಂಕಿ ಮುಖ್ಯ ನಿಲ್ದಾಣದಲ್ಲಿ 7:10ರ ಗಾಡಿ ಹತ್ತಿದರೆ ಸರಿ.

7:10ರಿಂದ 11:00 ಅಂದರೆ ಮೂರು ಗಂಟೆ ಐವತ್ತು ನಿಮಿಷ. ಅದರಲ್ಲಿ ವಿಮಾನ ಗಾಳಿಯಲ್ಲಿ ಇರುವುದು 43.

ಮಂಜಿನಹನಿ

ಬ್ಯಾಗ್ ಹಾಕಿ, ಬಸ್ಸಿನಲ್ಲಿ ಹೋದರೆ ಅದೇ ನಾಲ್ಕೂಮುಕ್ಕಾಲು ಆಗುತ್ತೆ. ಸೋಮವಾರ ಬೆಳಿಗ್ಗೆ ಭದ್ರತಾ ತಪಾಸಣೆ ಸಾಲು ಉದ್ದ ಇರುತ್ತೆ, 75 ನಿಮಿಷಕ್ಕಿಂತ ಕಮ್ಮಿ ಮಾಡಬೇಡಿ.

ತುಂಗಾತೀರ

ಎಲ್ಲರಿಗೂ ವಂದನೆ. 8ರ ವಿಮಾನವನ್ನೇ ತಗೊಳ್ತೇನೆ, ಕೈಚೀಲ ಮಾತ್ರ, ಮುಂದೆ ಎಕ್ಸ್‌ಪ್ರೆಸ್. ವಾಪಸ್ ಮಂಗಳವಾರ ಬರುವುದು, ಅವಸರ ಇಲ್ಲ. ಆವಾಗ ಹಡಗು ಹೇಗೆ?

ಕಡಲತಡಿ

ವಾಪಸ್‌ಗೆ ಹಡಗೇ ಸರಿ. ಸಂಜೆ ಸ್ಟಾಕ್‌ಹೋಮ್ ಬಿಡ್ತದೆ, ಬುಧವಾರ ಬೆಳಿಗ್ಗೆ ಹೆಲ್ಸಿಂಕಿ. ಹತ್ತುವ ಬಾಗಿಲು ಹೊರಡುವ ಎಷ್ಟೋ ನಿಮಿಷ ಮೊದಲೇ ಮುಚ್ಚುತ್ತಾರೆ. ಟಿಕೆಟ್‌ನಲ್ಲಿ ಬರೆದಿರ್ತದೆ, ಅದು ಸ್ವೀಡನ್ ಸಮಯ ಅಂತ ನೆನಪಿರಲಿ. ಜನವರಿಯಲ್ಲಿ ಹೊರಡುವ ಹೊತ್ತಿಗೆ ಕತ್ತಲಾಗಿರ್ತದೆ, ದ್ವೀಪ ನೋಡುವ ಆಸೆಗೆ ಕಿಟಕಿ ಇರುವ ಕ್ಯಾಬಿನ್‌ಗೆ ದುಡ್ಡು ಹಾಕಬೇಡಿ. ಒಳಗಿನ ಕ್ಯಾಬಿನ್ ಸಾಕು.